ಲಕ್ಕವ್ವನ ಅಮಾವಾಸ್ಯೆ

ಶೈಲಶ್ರೀಯನ್ನು ಸೊಕ್ಕಿನ ಹುಡುಗಿ ಅಂತ ಯಾರೂ ಕರೆದಿರಲಿಲ್ಲ. ಕರೆದಿದ್ದರೆ ಅವಳಿಗೇ ಒಳ್ಳೆಯದಾಗುತ್ತಿತ್ತು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಹುಟ್ಟಿ, ಅವ್ವನ ಮಗ್ಗದ ಸಪ್ಪಳದಲ್ಲೇ ಓದಿ, ಈಗ ಹುನಗುಂದದ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮೇಡಂ ಆಗಿದ್ದಳು. ಓಣಿಯಲ್ಲಿ ಯಾರ ಮೊಬೈಲು ಕೆಟ್ಟರೂ, ಯಾರ ಪಿಂಚಣಿ ಅರ್ಜಿ ಸಿಕ್ಕಿಹಾಕಿಕೊಂಡರೂ ಜನ ಅವಳ ಬಾಗಿಲಿಗೇ ಬರುತ್ತಿದ್ದರು. ಬಂದವರೆಲ್ಲ ಹೋಗುವಾಗ, "ಭಾಳ ಶಾಣ್ಯಾಕಿ ನೋಡವಾ ನೀ" ಅನ್ನುತ್ತಿದ್ದರು. ದಿನಾ ಹೀಗೆ ಹೇಳಿಸಿಕೊಂಡವರು ಎಷ್ಟು ದಿನ ಅಂತ ನಂಬದೇ ಇರುತ್ತಾರೆ? ಅವಳೂ ನಂಬಿಬಿಟ್ಟಿದ್ದಳು.

ಹೀಗಿರುವಾಗ ಓಣಿಯ ನೇಕಾರರ ಸಂಘಕ್ಕೆ ಒಂದು ವೆಬ್‌ಸೈಟು ಬೇಕಾಯಿತು. ಸಂಘದ ಅಧ್ಯಕ್ಷರು ಚಂದ್ರಶೇಖರಪ್ಪ. ಬಿಳಿ ಟೊಪ್ಪಿಗೆ, ಬಿಳಿ ಮೀಸೆ, ಮಾತು ಮಾತ್ರ ಬಲು ಖಾರ. "ಅಂಗಡಿಯವರಿಗೆ ಸೀರಿ ಕೊಟ್ಟು ಅವರ ಮಾರಿ ನೋಡಕೋತ ಕುಂಡ್ರೂದು ಸಾಕಾತವಾ. ನಾವ ಮಾರೂನು" ಅಂದರು. ಶೈಲಶ್ರೀ ರಜೆಯೆಲ್ಲ ಕುಳಿತು ಸೈಟು ಮಾಡಿಕೊಟ್ಟಳು. ಪುಕ್ಕಟೆ ಮಾಡಿಕೊಟ್ಟಳು ಎಂಬುದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಅವಳಿಗೆ ಅನ್ಯಾಯವಾದೀತು. ಈ ಕಥೆಯಲ್ಲಿ ಅವಳ ಪರವಾಗಿ ಹೇಳುವಂಥದ್ದು ಮುಂದೆ ಹೆಚ್ಚೇನೂ ಇಲ್ಲ.

ಸೈಟು ಸರಳವಾಗಿತ್ತು. ಸೀರೆ ಮಗ್ಗದಿಂದ ಇಳಿದ ಕೂಡಲೇ ನೇಯ್ದವರು ಫೋನಿನಲ್ಲಿ ಬ್ರೌಸರ್ ತೆರೆದು, ಸೀರೆಯ ಫೋಟೋ ಹೊಡೆದು, 'ಸೀರೆ ಇಳಿಯಿತು' ಎಂಬ ಹಸಿರು ಗುಂಡಿ ಒತ್ತಬೇಕು. ಉಳಿದದ್ದನ್ನು ಶೈಲಶ್ರೀ ಬರೆದ ಸ್ಕ್ರಿಪ್ಟು, ಅಂದರೆ ಪುಟದ ಬೆನ್ನ ಹಿಂದೆ ಕುಳಿತು ಕೆಲಸ ಮಾಡುವ ಆಜ್ಞೆಯ ಸಾಲುಗಳು, ತಾನೇ ನೋಡಿಕೊಳ್ಳುತ್ತಿತ್ತು. ಫೋಟೋದ ಕೆಳಗೆ ನೇಯ್ದವರ ಹೆಸರು ಬೀಳುತ್ತಿತ್ತು, ಸೀರೆ ಇಳಿದ ತಾರೀಖು ಬೀಳುತ್ತಿತ್ತು. ಕೊಳ್ಳುವವರಿಗೆ ಇದು ಭಾರಿ ಹಿಡಿಸಿತು. ತಮ್ಮ ಸೀರೆ ಯಾರ ಕೈಯಿಂದ, ಯಾವತ್ತು ಇಳಿಯಿತೆಂದು ತಿಳಿದು ಉಟ್ಟುಕೊಳ್ಳುವುದು ಪುಣೆ, ಸೊಲ್ಲಾಪುರದ ಹೆಣ್ಣುಮಕ್ಕಳಿಗೆ ಹೊಸ ಖುಷಿಯಾಗಿತ್ತು.

ಮೊದಲ ಪುಟದ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಇರಲೇಬೇಕೆಂದು ಚಂದ್ರಶೇಖರಪ್ಪ ಹಟ ಹಿಡಿದಿದ್ದರು: 'ಅಮಾವಾಸ್ಯೆಯ ದಿನ ನಮ್ಮ ಮಗ್ಗಗಳು ನಡೆಯುವುದಿಲ್ಲ.' ಅದು ಸುಳ್ಳಲ್ಲ. ಅಮಾವಾಸ್ಯೆ ಬಂತೆಂದರೆ ಆ ಓಣಿಯಲ್ಲಿ ಯಾರೂ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿಯುವುದಿಲ್ಲ. ಮಗ್ಗದ ಧೂಳು ಕೊಡವಿ, ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದು ಕೈಮುಗಿಯುತ್ತಾರೆ. ಅವತ್ತು ಲಾಳಿ ಮುಟ್ಟಿದರೆ ನೇಕಾರರ ಮನೆದೇವತೆ ಬನಶಂಕರಿಗೆ ಸಿಟ್ಟು ಬರುತ್ತದೆ. ಆ ಅವ್ವನ ಸಿಟ್ಟು ಎಂಥದ್ದು ಎಂದು ಪರೀಕ್ಷೆ ಮಾಡಿ ನೋಡಿದವರು ಓಣಿಯಲ್ಲಿ ಇದ್ದಂತಿಲ್ಲ.

ಸೈಟು ಶುರುವಾಗಿ ವರ್ಷ ತುಂಬುವ ಹೊತ್ತಿಗೆ ಸೊಲ್ಲಾಪುರದ ಒಬ್ಬ ಹೆಣ್ಣುಮಗಳು ಸಂಘದ ಫೋನಿಗೆ ಕರೆ ಮಾಡಿದಳು. ಸೀರೆ ಚೆಂದ ಬಂದಿದೆ, ದಡಿಯ ಬಣ್ಣ ಎಲ್ಲರಿಗೂ ಹಿಡಿಸಿದೆ, ಆದರೆ ಒಂದು ಮಾತು. ಅಮಾವಾಸ್ಯೆಗೆ ಮಗ್ಗ ನಡೆಯುವುದಿಲ್ಲ ಎಂದು ನೀವೇ ಬರೆದಿದ್ದೀರಿ, ನನ್ನ ಸೀರೆಯ ಕೆಳಗೆ ಇರುವುದು ಅಮಾವಾಸ್ಯೆಯದೇ ತಾರೀಖು. ನಾನು ಇದನ್ನು ಬಸುರಿ ಮಗಳ ಕುಬಸಕ್ಕೆ ಉಡಿಸಬಹುದೋ ಬೇಡವೋ? ಚಂದ್ರಶೇಖರಪ್ಪ ಏನೋ ಒಂದು ಸಮಾಧಾನ ಹೇಳಿ ಫೋನು ಇಟ್ಟರು. ಕ್ಯಾಲೆಂಡರ್ ತೆಗೆದು ನೋಡಿದರು. ತಾರೀಖು ಅಮಾವಾಸ್ಯೆಯದೇ ಆಗಿತ್ತು. ಸೀರೆ ಇಳಿಸಿದವಳು ಲಕ್ಕವ್ವ.

ಲಕ್ಕವ್ವನ ಮನೆ ಶೈಲಶ್ರೀಯ ಮನೆಯಿಂದ ಕೂಗಳತೆಯಲ್ಲೇ ಇತ್ತು. ಅರವತ್ತು ದಾಟಿದ ಹೆಂಗಸು, ಮೈ ಸಣ್ಣದು, ನಗು ದೊಡ್ಡದು. ಮಗ ಪ್ರಭು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಕಲ್ಲಿನ ಧೂಳು ಹೊತ್ತು ಬೆಳಕು ಹರಿಯುವ ಮುಂಚೆ ಮನೆಗೆ ಬರುತ್ತಿದ್ದ. ಒಂಬತ್ತು ಗಜದ ಸೀರೆ ಮಡಚಲು ಇಬ್ಬರು ಬೇಕು. ಅದಕ್ಕೇ ಲಕ್ಕವ್ವ ಮಗ ಬರುವ ಹೊತ್ತಿಗೆ ಸರಿಯಾಗಿ ಸೀರೆ ಇಳಿಸುವ ರೂಢಿ ಮಾಡಿಕೊಂಡಿದ್ದಳು. ಅವನು ಒಂದು ತುದಿ ಹಿಡಿಯುತ್ತಿದ್ದ, ಇವಳು ಇನ್ನೊಂದು. ಮಡಚಿ, ಫೋಟೋ ಹೊಡೆದು, ಗುಂಡಿ ಒತ್ತಿ, ಆಮೇಲೆ ಮಗನಿಗೆ ಚಹಾ ಇಡುತ್ತಿದ್ದಳು. ಓಣಿಯ ಉಳಿದವರೆಲ್ಲ ಸಾಮಾನ್ಯವಾಗಿ ಸಂಜೆಗೆ ಇಳಿಸುವವರು.

ಸಭೆ ಕರೆಯುವ ಮೊದಲು ಚಂದ್ರಶೇಖರಪ್ಪ ಶೈಲಶ್ರೀಗೆ ಫೋನು ಮಾಡಿದ್ದರು. "ಏನವಾ, ನಿನ್ನ ಸೈಟಿನ್ಯಾಗ ತಾರೀಖ ತಪ್ಪ ಬೀಳೂದು ಐತೇನ?" ಎಂದು ಕೇಳಿದ್ದರು. ಅವಳಿಗೆ ಆ ಪ್ರಶ್ನೆಯೇ ಸೇರಲಿಲ್ಲ. ಆದರೂ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಾಲೇಜಿನ ಲ್ಯಾಬಿನಲ್ಲಿ ಕುಳಿತು ಸೈಟು ತೆರೆದಳು. ಗುಂಡಿ ಒತ್ತಿದಳು. ಅವತ್ತಿನದೇ ತಾರೀಖು ಬಿತ್ತು. ಇನ್ನೊಂದು ಕಂಪ್ಯೂಟರಿನಲ್ಲಿ ಒತ್ತಿದಳು, ತನ್ನ ಫೋನಿನಲ್ಲಿ ಒತ್ತಿದಳು. ಎಲ್ಲಾ ಕಡೆ ಸರಿಯಾಗಿತ್ತು. ಡಬ್ಬಿ ತೆರೆದು ರೊಟ್ಟಿ ತಿಂದಳು. ಪರೀಕ್ಷೆ ಮುಗಿದಿತ್ತು.

ಸಂಘದ ಹಾಲಿನಲ್ಲಿ ಸಭೆ ಸೇರಿತು. ಗೋಡೆಯ ಮೇಲೆ ಶೈಲಶ್ರೀಯೇ ಪ್ರೊಜೆಕ್ಟರ್ ಹಚ್ಚಿ ಲಕ್ಕವ್ವನ ಸೀರೆಯ ಪುಟ ತೆರೆದಳು. ಹಸಿರು ಸೀರೆ, ಗೋಮಿ ಎಂಬ ನಮೂನೆಯ ದಡಿ, ಕೆಳಗೆ ಲಕ್ಕವ್ವನ ಹೆಸರು, ಅದರ ಕೆಳಗೆ ತಾರೀಖು ಗೋಡೆಯಷ್ಟಗಲ ಬಂತು.

"ನಾ ಅಮಾಸಿಗೆ ಕುಣಿಗೆ ಇಳಿದಿಲ್ಲೋ ಯಪ್ಪಾ" ಅಂದಳು ಲಕ್ಕವ್ವ. ಎದ್ದು ನಿಂತಿದ್ದಳು, ಸೆರಗು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಗೇಣುದ್ದ ಉಳದಿತ್ತು. ಅಮಾಸಿ ಅಂತ ಬಿಟ್ನಿ. ಪಾಡ್ಯದ ದಿನಾ ನಸುಕಿನ್ಯಾಗ ಎದ್ದು, ಜಳಕಾ ಮಾಡಿ, ದೀಪಾ ಹಚ್ಚಿ, ನೇದು ಇಳಿಸೀನಿ. ಖರೆ ಹೇಳ್ತೇನಿ."

"ಹಂಗಾರ ಇದೇನ ಗೋಡಿ ಮ್ಯಾಲ ಬಂದೈತಿ?" ಎಂದರು ಚಂದ್ರಶೇಖರಪ್ಪ.

"ನನಗೇನ ತಿಳೀತೈತ್ರಿ ಗೋಡಿ ಮ್ಯಾಲಿಂದು!"

ಎಲ್ಲರೂ ಶೈಲಶ್ರೀಯ ಕಡೆಗೆ ನೋಡಿದರು. ಅವಳು ಎದ್ದು ನಿಂತಳು. ಕ್ಲಾಸಿನಲ್ಲಿ ನಿಲ್ಲುವ ಹಾಗೆಯೇ ನಿಂತಳು. "ನೋಡ್ರಿ, ತಾರೀಖ ಯಾರೂ ಕೈಲೆ ಬರಿಯೂದಲ್ಲ. ಗುಂಡಿ ಒತ್ತಿದ ಕೂಡ್ಲೆ ತಾನ ಬೀಳತೈತಿ. ನಡಕ ಮನಷ್ಯಾ ಬರೂದ ಇಲ್ಲ. ನಾ ನಿನ್ನೆ ಎಲ್ಲಾ ತಪಾಸಣಿ ಮಾಡೀನಿ, ಎಲ್ಲೂ ತಪ್ಪಿಲ್ಲ" ಅಂದಳು. ಅಲ್ಲಿಗೇ ಕುಳಿತಿದ್ದರೂ ಆಗುತ್ತಿತ್ತು. ಆದರೆ ಎಲ್ಲರೂ ಕೇಳುತ್ತಿದ್ದರಲ್ಲ, ನಾಲಿಗೆ ಇನ್ನಷ್ಟು ಉದ್ದವಾಯಿತು. "ಕಂಪ್ಯೂಟರಿಗೆ ಲಕ್ಕವ್ವ ದೊಡ್ಡವ್ವನ ಮ್ಯಾಲ ಏನ ಹಗೇತನ ಐತೇನ್ರಿ?"

ಜನ ನಕ್ಕರು. ಗೊಳ್ಳೆಂದು ನಕ್ಕರು. ಲಕ್ಕವ್ವನೂ ಅರ್ಧ ನಕ್ಕಳು, ಎಲ್ಲರೂ ನಗುವಾಗ ತಾನೊಬ್ಬಳೇ ಸುಮ್ಮನಿದ್ದರೆ ಚೆಂದವಲ್ಲ ಎಂದುಕೊಂಡವಳ ಹಾಗೆ.

ಆಮೇಲೆ ಪ್ರಭುವನ್ನು ಕೇಳಿದರು. ನಿದ್ದೆಗೆಟ್ಟ ಕಣ್ಣು ಉಜ್ಜುತ್ತ ಅವನು ಅಂದ, "ಸೀರಿ ತುದಿ ಹಿಡದದ್ದು ಖರೆ ಐತ್ರಿ. ಯಾವತ್ತಂತ ಹ್ಯಾಂಗ ಹೇಳ್ಲಿ? ನನಗ ದಿನಾ ಮುಂಜಾನಿ ಒಂದ ನಮೂನಿ ಇರ್ತೈತಿ." ಅವ್ವನ ಕಡೆಗೆ ತಿರುಗಿ ದನಿ ತಗ್ಗಿಸಿದ. "ಮರ್ತಿರಬೇಕ ಬಿಡ ಅವ್ವಾ. ವಯಸ್ಸಾತು. ಅಮಾಸಿ ಅನ್ನೂದು ಲಕ್ಷ್ಯ ಇದ್ದಿರಲಿಕ್ಕಿಲ್ಲ. ಕೈ ಮುಗದು ಮುಗಿಸಿಬಿಡ."

ಲಕ್ಕವ್ವ ಮಗನ ಮುಖವನ್ನು ನೋಡಿದಳು. ಗೋಡೆ ನೋಡಿದಳು. ಕೈ ಮುಗಿಯದೆ ಕುಳಿತುಬಿಟ್ಟಳು. ಮುಂದಿನ ತೀರ್ಮಾನವಾಗುವತನಕ ಅವಳಿಗೆ ಸಂಘದಿಂದ, ಮಗ್ಗಕ್ಕೆ ಉದ್ದಕ್ಕೆ ಎಳೆದು ಕಟ್ಟುವ ನೂಲಿನ ಹಾಸು ಕೊಡಬಾರದೆಂದು ಠರಾವಾಯಿತು. ಹಾಸಿಲ್ಲದೆ ನೇಯುವುದೇನು? ಲಕ್ಕವ್ವನ ಮಗ್ಗ ನಿಂತಿತು.

ಓಣಿಯೆಂದರೆ ಕೇಳಬೇಕೇ! ಆ ತಿಂಗಳು ಯಾರ ನೂಲು ಹರಿದರೂ ಲಕ್ಕವ್ವ ಕಾರಣ, ಯಾರ ಎಮ್ಮೆ ಹಾಲು ಬಿಗಿಹಿಡಿದರೂ ಲಕ್ಕವ್ವ ಕಾರಣ. ಎದುರಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ, ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು ಅಷ್ಟೆ. ಲಕ್ಕವ್ವ ಬೇರೆಯವರ ಮನೆಯ ಕಟ್ಟೆಯ ಮೇಲೆ ಕುಳಿತು ಲಾಳಿಯೊಳಗೆ ಇಡುವ ಅವರ ನೂಲಿನ ಕಂಡಿಕೆ ಸುತ್ತಿಕೊಡುವ ಕೆಲಸ ಹಿಡಿದಳು. ಬಸ್ಸಿಗೆ ಓಡುವಾಗ ಶೈಲಶ್ರೀ ಅವಳನ್ನು ಕಾಣುತ್ತಿದ್ದಳು. "ಹೊಂಟಿ ಏನವಾ?" ಎಂದು ಲಕ್ಕವ್ವನೇ ಮೊದಲು ಮಾತಾಡಿಸುತ್ತಿದ್ದಳು. ಶೈಲಶ್ರೀಗೆ ಆಗ ಸ್ವಲ್ಪ ಕನಿಕರವಾಗುತ್ತಿತ್ತು. ತಪ್ಪು ಮಾಡಿದವರ ಮೇಲೆ ತಪ್ಪು ಮಾಡದವರಿಗೆ ಹುಟ್ಟುವ ಕನಿಕರ ಅದು. ಅದನ್ನು ನೆನೆಸಿಕೊಂಡರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ.

ಒಂದು ದಿನ ಕಾಲೇಜಿನಲ್ಲಿ ಪರೀಕ್ಷೆಯ ಡ್ಯೂಟಿ ಇತ್ತು, ಮೊದಲ ಬಸ್ಸಿಗೇ ಹೋಗಬೇಕಿತ್ತು. ಶೈಲಶ್ರೀ ಕತ್ತಲಲ್ಲೇ ಎದ್ದು ತಲೆ ಬಾಚಿಕೊಳ್ಳುತ್ತಿದ್ದಳು. ಅವ್ವನೂ ಅವತ್ತು ಬೇಗ ಎದ್ದು ಕುಣಿಯಲ್ಲಿ ಕುಳಿತು ಉಳಿದಿದ್ದನ್ನು ನೇಯ್ದು ಮುಗಿಸಿದ್ದಳು. "ನೀ ಹೋಗೂದರಾಗ ಇದರದೊಂದ ಫೋಟೋ ಹೊಡದು ಹಾಕಿ ಹೋಗ" ಎಂದಳು. ಶೈಲಶ್ರೀ ಒಂದು ಕೈಯಲ್ಲಿ ಬಾಚಣಿಕೆ ಹಿಡಿದೇ ಫೋಟೋ ಹೊಡೆದಳು, ಗುಂಡಿ ಒತ್ತಿದಳು. ಸೀರೆ ಬಂತು, ಅವ್ವನ ಹೆಸರು ಬಂತು, ತಾರೀಖು ಬಂತು. ತಾರೀಖು ನಿನ್ನೆಯದಾಗಿತ್ತು.

ಬ್ರೌಸರು ಹಳೆಯ ಪುಟವನ್ನೇ ತೋರಿಸುತ್ತಿದೆ ಎಂದುಕೊಂಡಳು. ಹಾಗಾಗುವುದುಂಟು. ಪುಟವನ್ನು ಮತ್ತೆ ತೆರೆದಳು. ನಿನ್ನೆಯದೇ ಇತ್ತು. ಬ್ರೌಸರು ಕೂಡಿಟ್ಟುಕೊಂಡ ಹಳೆಯದನ್ನೆಲ್ಲ ಅಳಿಸಿ ಮತ್ತೆ ಒತ್ತಿದಳು. ಆಗಲೂ ನಿನ್ನೆ. ಅವ್ವನ ಫೋನು ತಂದು ಅದರಲ್ಲಿ ಒತ್ತಿದಳು, ಅಲ್ಲೂ ನಿನ್ನೆ. ಫೋನಿನ ಮೂಲೆಯ ಗಡಿಯಾರ ಮಾತ್ರ ಇವತ್ತಿನ ತಾರೀಖನ್ನೇ ತೋರಿಸುತ್ತ ಸುಮ್ಮನೆ ಕುಳಿತಿತ್ತು. ಶೈಲಶ್ರೀ ಬಾಚಣಿಕೆ ಕೆಳಗಿಟ್ಟಳು. ಚೀಲದಿಂದ ಲ್ಯಾಪ್‌ಟಾಪು ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಪುಟದ ಹಿಂದಿನ ಸ್ಕ್ರಿಪ್ಟು ತೆರೆದಳು.

ಎಲ್ಲೂ ತಪ್ಪಿನ ಕೆಂಪು ಗುರುತಿರಲಿಲ್ಲ. ಸ್ಕ್ರಿಪ್ಟು ಕೆಟ್ಟೇ ಇರಲಿಲ್ಲ, ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ಒಂದೊಂದೇ ಸಾಲಿನ ಮುಂದೆ ತಡೆ ಹಾಕಿ, ಅಲ್ಲಿ ಏನಿದೆ ಎಂದು ಇಣುಕಿ ನೋಡುತ್ತ ಬಂದಳು. ಹೊತ್ತಿನಿಂದ ತಾರೀಖನ್ನಷ್ಟೇ ತೆಗೆದುಕೊಳ್ಳುವ ಸಾಲಿಗೆ ಬಂದಾಗ ಬೆರಳು ನಿಂತಿತು. ಬ್ರೌಸರಿಗೆ ಹೊತ್ತು ಕೇಳುವುದಕ್ಕೆ ಎರಡು ದಾರಿಗಳಿವೆ. ಒಂದರಲ್ಲಿ ಕೇಳಿದರೆ ನಾವಿರುವ ಊರಿನ ಹೊತ್ತು ಹೇಳುತ್ತದೆ. ಇನ್ನೊಂದರಲ್ಲಿ ಕೇಳಿದರೆ ಇಡೀ ಜಗತ್ತಿಗೆ ಲೆಕ್ಕವೆಂದು ಇಟ್ಟುಕೊಂಡಿರುವ, ಲಂಡನ್ನಿನ ಕಡೆಯ ಗ್ರೀನಿಚ್ಚಿನ ಹೊತ್ತು ಹೇಳುತ್ತದೆ. ಶೈಲಶ್ರೀ ಬರೆದದ್ದು ಎರಡನೆಯದು. ನಮ್ಮಲ್ಲಿ ಬೆಳಗಿನ ಐದೂವರೆಯಾಗುವತನಕ ಅಲ್ಲಿ ಇನ್ನೂ ನಿನ್ನೆಯೇ ಇರುತ್ತದೆ.

ಲ್ಯಾಪ್‌ಟಾಪಿನ ಗಡಿಯಾರವನ್ನು ಮಧ್ಯಾಹ್ನಕ್ಕೆ ತಿರುಗಿಸಿ ಗುಂಡಿ ಒತ್ತಿದಳು. ಸರಿ ಬಂತು. ನಸುಕಿಗೆ ತಿರುಗಿಸಿ ಒತ್ತಿದಳು. ನಿನ್ನೆ ಬಂತು. ಮತ್ತೆ ಮಾಡಿದಳು, ಮತ್ತೆ ಹಾಗೆಯೇ ಆಯಿತು.

ತಾನು ಮಾಡಿದ ಪರೀಕ್ಷೆಯೆಲ್ಲ ಮಧ್ಯಾಹ್ನದ್ದು. ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಮಾಡಿದ್ದು. ನೇಕಾರರ ಮನೆಯಲ್ಲಿ ಹುಟ್ಟಿದವಳು, ಕಣ್ಣು ಬಿಡುವ ಮೊದಲೇ ಲಾಳಿಯ ಸಪ್ಪಳ ಕೇಳಿ ಬೆಳೆದವಳು, ಕೋಳಿ ಕೂಗುವ ಮುಂಚೆಯೂ ಒಂದು ಸೀರೆ ಇಳಿದೀತು ಎಂಬುದು ಇವಳ ತಲೆಗೆ ಹೊಳೆದಿರಲಿಲ್ಲ. ಇಷ್ಟು ದಿನವೂ ಲಕ್ಕವ್ವನ ಸೀರೆಗಳೆಲ್ಲ ಒಂದೊಂದು ದಿನ ಹಿಂದೆ ಬಿದ್ದಿದ್ದವು. ಯಾರಿಗೂ ಗೊತ್ತಾಗಿರಲಿಲ್ಲ. ಸೋಮವಾರದ ಸೀರೆ ರವಿವಾರದ್ದೆಂದು ಬಿದ್ದರೆ ಯಾರ ಗಂಟೇನು ಹೋಗುತ್ತದೆ? ಪಾಡ್ಯದ ದಿನ ಇಳಿದ ಒಂದು ಸೀರೆಗೆ ಮಾತ್ರ ಹಿಂದಿನ ದಿನವೆಂದರೆ ಅಮಾವಾಸ್ಯೆಯಾಗಿತ್ತು.

"ಬಸ್ಸ ಹೋತಲ್ಲ ಶೈಲಾ, ಏನ ಮಾಡಾಕತ್ತಿ?" ಎಂದು ಅವ್ವ ಕೇಳಿದಳು. ಶೈಲಶ್ರೀ ಲ್ಯಾಪ್‌ಟಾಪು ಮುಚ್ಚಿದಳು. "ಏನಿಲ್ಲ" ಅಂದಳು. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಅಡ್ಡಗೋಡೆಯಾಚೆ ಓಣಿಯಲ್ಲಿ ಯಾರೋ ಕಸ ಗುಡಿಸುತ್ತಿದ್ದರು, ಅವರ ಎದುರಿಗೆ ಹೇಗೆ ಹೋಗುವುದೆಂದು ಅವಳಿಗೆ ತಿಳಿಯಲಿಲ್ಲ.

ತಿದ್ದುವುದಕ್ಕೆ ಏನೂ ಕಷ್ಟವಾಗಲಿಲ್ಲ. ಅವತ್ತೇ ಕಾಲೇಜಿನಲ್ಲಿ ಒಂದು ಸಾಲು ಬದಲಾಯಿಸಿದಳು. ಗುಂಡಿ ಒತ್ತಿದ ನಿಜವಾದ ಹೊತ್ತು ಒಳಗೆ ಉಳಿದೇ ಇತ್ತು, ತೋರಿಸುವುದಷ್ಟೇ ತಪ್ಪಾಗಿತ್ತು. ಹಾಗಾಗಿ ಹಳೆಯ ತಾರೀಖುಗಳೂ ತಾವೇ ಸರಿಯಾದವು. ಲಕ್ಕವ್ವನ ಹಸಿರು ಸೀರೆಯ ಕೆಳಗೆ ಪಾಡ್ಯದ ತಾರೀಖು ಬಂದು ಕುಳಿತಿತು. ಎಷ್ಟು ಸಲೀಸು! ಯಾರೂ ನೋಡಲಿಲ್ಲ, ಯಾರೂ ಕೇಳಲಿಲ್ಲ. ಒಬ್ಬ ಹೆಂಗಸಿನ ಮಾನ ತೆಗೆದದ್ದು ತುಂಬಿದ ಸಭೆಯಲ್ಲಿ, ಗೋಡೆಯಷ್ಟಗಲ ಅಕ್ಷರದಲ್ಲಿ. ಅದನ್ನು ವಾಪಸು ಕೊಟ್ಟದ್ದು ಮಾತ್ರ ಬಾಗಿಲು ಹಾಕಿಕೊಂಡ ಲ್ಯಾಬಿನಲ್ಲಿ.

ಸಂಜೆ ಚಂದ್ರಶೇಖರಪ್ಪನವರ ಮನೆಗೆ ಹೋದಳು. ಹೋದಳಲ್ಲ, ಅಷ್ಟರಮಟ್ಟಿಗೆ ಒಳ್ಳೆಯವಳೇ. ಅವರು ಪಡಸಾಲೆಯಲ್ಲಿ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದರು. ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಅವರಿಗೆ ಗ್ರೀನಿಚ್ಚು ಗೀನಿಚ್ಚು ತಿಳಿಯಲಿಲ್ಲ, ಲಕ್ಕವ್ವ ತಪ್ಪು ಮಾಡಿರಲಿಲ್ಲ ಎಂಬುದು ಮಾತ್ರ ತಿಳಿಯಿತು.

"ಛೇ ಛೇ ಛೇ. ಎಂಥಾ ಕೆಲಸಾತವಾ ಇದು" ಅಂದರು. ಆಮೇಲೆ ಮುಂದಕ್ಕೆ ಬಗ್ಗಿ, "ಯಾರಿಗರೆ ಹೇಳಿಯೇನ?" ಎಂದರು.

"ಇಲ್ರಿ ಕಾಕಾ."

"ಹೇಳಬ್ಯಾಡ. ಈಗ ಸೈಟ ಸುಳ್ಳ ಹೇಳತಿತ್ತು ಅಂತ ಎದ್ರ, ನಾಳೆ ಕೊಳ್ಳಾವ್ರು ಎಲ್ಲಾದಕ್ಕೂ ಸಂಶೇ ಪಡತಾರ. ಕೈಮಗ್ಗಂದು ಅಂತೀವಲ್ಲ, ಅದೂ ಸುಳ್ಳ ಅಂತಾರ. ಎಲ್ಲಾರ ಹೊಟ್ಟಿ ಮ್ಯಾಲ ಕಾಲಿಟ್ಟಂಗ ಆಕ್ಕೈತಿ. ಲಕ್ಕವ್ವಗ ನಾಳೆ ಹಾಸು ಕೊಡಸ್ತೇನಿ. ಹಿರ್ಯಾಕಿ, ಹೋಗ್ಲಿ ಅಂತ ಬಿಟ್ಟೀವಿ ಅಂತ ಹೇಳಿದ್ರಾತು. ಅಕಿಗೂ ಮಗ್ಗ ಸಿಗತೈತಿ, ನಿನ್ನ ಮರ್ಯಾದಿನೂ ಉಳೀತೈತಿ. ಏನಂತಿ?"

ಶೈಲಶ್ರೀ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವರ ಹೆಂಡತಿ ಕೊಟ್ಟ ಚಹಾ ಕುಡಿದು ಮನೆಗೆ ಬಂದಳು. ದಾರಿಯಲ್ಲಿ ಎದೆ ಹಗುರವಾಯಿತು. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಮುಂದೆ ಎಷ್ಟೋ ಸಲ ಅವಳು ತನ್ನನ್ನು ತಾನು ಬೈದುಕೊಂಡದ್ದು ಆ ತಪ್ಪು ಸಾಲಿಗಲ್ಲ, ಸಭೆಯಲ್ಲಿ ಆಡಿದ ಮಾತಿಗೂ ಅಷ್ಟಲ್ಲ. ಚಂದ್ರಶೇಖರಪ್ಪನವರ ಮನೆಯಿಂದ ತನ್ನ ಮನೆಗೆ ಬರುವಷ್ಟರಲ್ಲಿ ಆದ ಆ ಹಗುರಕ್ಕೆ.

ಲಕ್ಕವ್ವನ ಮನೆಗೆ ಹಾಸು ಬಂತು. ಮಗ್ಗದ ಸಪ್ಪಳ ಮತ್ತೆ ಶುರುವಾಯಿತು. "ಪಾಪ, ಸಂಘದವರು ದೊಡ್ಡ ಮನಸ ಮಾಡಿದ್ರು" ಎಂದು ಓಣಿ ಮಾತಾಡಿಕೊಂಡಿತು. ಶೈಲಶ್ರೀ ಬಸ್ಸಿಗೆ ಹೋಗುವ ದಾರಿ ಬದಲಾಯಿಸಿಕೊಂಡಳು. ಮಸೀದಿಯ ಹಿಂದಿನಿಂದ ಸುತ್ತು ಹಾಕಿ ಹೋದರೂ ಆ ಸಪ್ಪಳ ಕಿವಿಯಲ್ಲೇ ಇದ್ದ ಹಾಗೆ ಅನಿಸುತ್ತಿತ್ತು. ಕ್ಲಾಸಿನಲ್ಲಿ ಹುಡುಗರು ಪ್ರೋಗ್ರಾಂ ತಪ್ಪು ಬರೆದರೆ ಮೊದಲಿನ ಹಾಗೆ ಗದರಲು ಬಾಯಿ ಬರುತ್ತಿರಲಿಲ್ಲ.

ರವಿವಾರ ಮಧ್ಯಾಹ್ನ ಬಾಗಿಲಲ್ಲಿ ಯಾರೋ ಕೆಮ್ಮಿದರು. ಲಕ್ಕವ್ವ. ಮೀಸಲು ಸೀರೆ ಉಟ್ಟಿದ್ದಳು, ಕೈಯಲ್ಲಿ ಎಲೆಯ ಪೊಟ್ಟಣವಿತ್ತು. ಅವ್ವ ಚಾಪೆ ಹಾಸಿದಳು.

"ಬನಶಂಕರಿಗೆ ಹೋಗಿದ್ನೆವಾ. ಪ್ರಸಾದ ತಂದೀನಿ" ಎಂದು ಲಕ್ಕವ್ವ ಕುಳಿತಳು. ಮುಖ ಬಿಸಿಲಿಗೆ ಕಂದಿತ್ತು, ಆದರೆ ನಗುತ್ತಿದ್ದಳು. "ಹ್ವಾದ ತಿಂಗಳನೂ ಒಮ್ಮೆ ಹೋಗಿದ್ನಿ. ಯಾರಿಗೂ ಹೇಳಿರಲಿಲ್ಲ. ಬದಾಮಿ ಬಸ್ಸಿಗೆ ಹೋಗಿ, ಹೊಂಡದಾಗ ಜಳಕಾ ಮಾಡಿ, ಒದ್ದಿ ಸೀರಿ ಮ್ಯಾಲ ಅವ್ವನ ಮುಂದ ನಿಂತು ತಪ್ಪಾತು ಅಂತ ಹೇಳಿ ತಪ್ಪುಗಾಣಿಕಿ ಹಾಕಿ ಬಂದಿದ್ನಿ. ನೋಡ, ಅವ್ವ ಮಾಫ ಮಾಡಿದ್ಲು. ಹಾಸು ಬಂತು. ಇವತ್ತ ಹೋಗಿ ಕಾಯಿ ಒಡಿಸಿಕೊಂಡ ಬಂದ್ನಿ."

"ಅಲ್ಲ ಲಕ್ಕವ್ವಕ್ಕಾ, ನೀ ಅಮಾಸಿಗೆ ಕುಂತಿಲ್ಲಂತ ಹೇಳಿದ್ದೆಲ್ಲ?" ಎಂದು ಅವ್ವ ಕೇಳಿದಳು.

"ಹೇಳಿದ್ನಿ. ಆವಾಗ ಹಂಗ ಅನಸಿತ್ತು." ಲಕ್ಕವ್ವ ತನ್ನ ಅಂಗೈ ನೋಡಿಕೊಂಡಳು. "ಮನಿಗೆ ಹೋಗಿ ಕುಂತು ಭಾಳ ವಿಚಾರ ಮಾಡಿದ್ನಿ. ಶೈಲಾ ಹೇಳ್ತಾಳ, ಮಗಾ ಹೇಳ್ತಾನ, ಎಲ್ಲಾರೂ ಹೇಳ್ತಾರ. ನಂದ ತಪ್ಪಿರಬೇಕು. ತಲಿ ಹಣ್ಣಾಗೈತಿ, ಅಮಾಸಿ ಯಾವತ್ತು ಪಾಡ್ಯ ಯಾವತ್ತು ಅನ್ನೂದು ಕಲಸಿ ಹೋಗಿರಬೇಕು. ಈಗೀಗ ದೀಪಾ ಹಚ್ಚಿದ್ನೋ ಇಲ್ಲೋ ಅಂತ ಮತ್ತೊಮ್ಮೆ ಎದ್ದು ಹೋಗಿ ನೋಡತೇನಿ. ಒಲಿ ಆರಿಸಿದ್ನೋ ಇಲ್ಲೋ, ಅದನೂ ನೋಡತೇನಿ. ನನ್ನ ಮ್ಯಾಲ ನನಗ ಭರೋಸಾ ಇಲ್ಲದಂಗ ಆಗೈತವಾ." ಹೀಗೆಂದು ಪೊಟ್ಟಣ ಬಿಚ್ಚಿ, ಕುಂಕುಮದಲ್ಲಿ ಬೆರಳು ಅದ್ದಿ, ಶೈಲಶ್ರೀಯ ಕಡೆಗೆ ಬಗ್ಗಿದಳು. "ಇಲ್ಲೆ ಬಾ. ಚಂದ್ರಶೇಖರಪ್ಪಗ ನೀನ ಹೋಗಿ ಹೇಳಿದೆಂತ ನನ್ನ ಪರವಾಗಿ? ಅವರ ಹೆಂಡ್ತಿ ಹೇಳಿದ್ಲು, ಶೈಲಾ ಬಂದ ಹ್ವಾದ ಮರುದಿನಾನ ಹಾಸು ಕಳಿಸಿದ್ರು ಅಂತ. ನಿನ್ನ ಹೊಟ್ಟಿ ತಣ್ಣಗಿರಲಿ."

ಬೆರಳು ಹಣೆಗೆ ತಾಗುವ ಮೊದಲು ಶೈಲಶ್ರೀ ಹಿಂದಕ್ಕೆ ಸರಿದಳು. "ಹಚ್ಚಬ್ಯಾಡ ದೊಡ್ಡವ್ವಾ" ಅಂದಳು. ಅಳಬಾರದೆಂದು ಹಲ್ಲು ಕಚ್ಚಿದಳು, ತನಗೆ ಅಳುವ ಹಕ್ಕೂ ಇಲ್ಲವೆಂದು ಗೊತ್ತಿತ್ತು. "ನೀ ಅಮಾಸಿಗೆ ಕುಂತಿರಲಿಲ್ಲ. ಪಾಡ್ಯದ ಮುಂಜಾನೆನ ಇಳಿಸಿದ್ದಿ. ನಾ ಬರದದ್ದು ತಪ್ಪಿತ್ತು. ನಸುಕಿನ್ಯಾಗ ಒತ್ತಿದ್ರ ಅದು ಹಿಂದಿನ ದಿನದ್ದ ತಾರೀಖ ತೋರಸ್ತಿತ್ತು. ನಾ ಹಗಲಿನ್ಯಾಗಷ್ಟ ನೋಡಿದ್ನಿ."

ಲಕ್ಕವ್ವನ ಬೆರಳು ಗಾಳಿಯಲ್ಲೇ ನಿಂತಿತು. "ಅಂದ್ರ?"

"ಅಂದ್ರ ನಿಂದೇನೂ ತಪ್ಪಿಲ್ಲ. ತಪ್ಪೆಲ್ಲಾ ನಂದು. ನನಗ ಇದು ಗೊತ್ತಾಗ್ಯೂ ಭಾಳ ದಿನಾತು. ಚಂದ್ರಶೇಖರಪ್ಪ ಕಾಕಾರಿಗೆ ಹೇಳಿದ್ನಿ. ಅವರು ಸುಮ್ನಿರು ಅಂದ್ರು, ನಾ ಸುಮ್ನಾಗಿದ್ನಿ."

ಅವ್ವ "ಅಯ್ಯ ಶಿವನ" ಎಂದು ಬಾಯಿಗೆ ಸೆರಗು ಹಿಡಿದುಕೊಂಡಳು. ಲಕ್ಕವ್ವ ಬೆರಳಿನ ಕುಂಕುಮವನ್ನು ಎಲೆಗೆ ಒರೆಸಿದಳು, ಎಲೆ ಮಡಚಿದಳು, ಮತ್ತೆ ಬಿಚ್ಚಿದಳು.

"ನಾ ಕುಂತಿರಲಿಲ್ಲ" ಅಂದಳು ಕೊನೆಗೆ.

"ಇಲ್ಲ ದೊಡ್ಡವ್ವಾ."

"ನಾ ಹೇಳಿದ್ನಿ ಆವತ್ತ. ನಿಂತ ಹೇಳಿದ್ನಿ."

"ಹೇಳಿದ್ದಿ."

"ಬನಶಂಕರಿ ಮುಂದ ಗಲ್ಲಾಗಲ್ಲಾ ಬಡಕೊಂಡೀನಿ. ಹೌದವ್ವಾ ಕುಂತಿದ್ನಿ, ಆಸೆಬುರಕಿ ಕುಂತಿದ್ನಿ ಅಂತ ಹೇಳಿ ಬಂದೀನಿ." ಲಕ್ಕವ್ವನ ದನಿ ಏರಲಿಲ್ಲ, ಏರಿದ್ದರೆ ಶೈಲಶ್ರೀಗೆ ಸ್ವಲ್ಪ ಸುಲಭವಾಗುತ್ತಿತ್ತು. "ಈ ವಯಸ್ಸಿಗೆ ದೇವರ ಮುಂದ ಸುಳ್ಳ ಹೇಳಿಸಿದೆಲ್ಲವಾ ನನ್ನ ಕಡಿಂದ."

ಶೈಲಶ್ರೀ ಅವಳ ಕಾಲು ಹಿಡಿಯಲು ಬಗ್ಗಿದಳು. ಲಕ್ಕವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು. "ಕಾಲ ಬಿಡು. ಕಾಲ ತಗೊಂಡ ನಾ ಏನ ಮಾಡ್ಲಿ? ಏಳು" ಎಂದು ಶೈಲಶ್ರೀಯ ಮುಂಗೈ ಹಿಡಿದಳು. ಕಂಡಿಕೆ ಸುತ್ತಿ ಸುತ್ತಿ ಗಟ್ಟಿಯಾದ ಹಿಡಿತ. ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಓಣಿಗೆ ಕರೆದುಕೊಂಡು ಬಂದು, ತನ್ನ ಮನೆಯ ಮುಂದೆ, ಕಿಡಕಿಯ ಹತ್ತಿರ ನಿಲ್ಲಿಸಿದಳು.

ರವಿವಾರದ ಮಧ್ಯಾಹ್ನ, ಎಲ್ಲರೂ ಮನೆಯಲ್ಲೇ ಇದ್ದರು. ಲಕ್ಕವ್ವ ಶೈಲಶ್ರೀಯ ಕೈ ಹಿಡಿದು ಎಳೆತಂದದ್ದನ್ನು ನೋಡಿ ಒಬ್ಬೊಬ್ಬರೇ ಕಟ್ಟೆಗೆ ಬಂದರು. ಎರಡು ಮೂರು ಮನೆಗಳಲ್ಲಿ ಮಗ್ಗದ ಸಪ್ಪಳ ನಿಂತಿತು. ಆಚೆ ಮನೆಯಿಂದ ಚಂದ್ರಶೇಖರಪ್ಪನವರೂ ಹೊರಗೆ ಬಂದರು. ಶೈಲಶ್ರೀಯ ಮುಖ ನೋಡಿದ ಕೂಡಲೇ ಅವರಿಗೆ ತಿಳಿಯಿತು. ಬೇಡವೆಂಬಂತೆ ಕೈ ಎತ್ತಿದರು, ಆಮೇಲೆ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಟೊಪ್ಪಿಗೆ ಸರಿಮಾಡಿಕೊಂಡರು.

"ಹೇಳು" ಅಂದಳು ಲಕ್ಕವ್ವ.

ಶೈಲಶ್ರೀ ಹೇಳಿದಳು. ನೆಲ ನೋಡುತ್ತ ಹೇಳಿದಳು. ತಾರೀಖು ತಪ್ಪಿದ್ದು ತನ್ನಿಂದ ಎಂದಳು, ಲಕ್ಕವ್ವ ಅಮಾವಾಸ್ಯೆಗೆ ಮಗ್ಗ ಮುಟ್ಟಿರಲಿಲ್ಲ ಎಂದಳು, ಗೊತ್ತಾದ ಮೇಲೂ ಮರ್ಯಾದೆಗೆ ಅಂಜಿ ಮುಚ್ಚಿಟ್ಟುಕೊಂಡೆ ಎಂದಳು. ಕ್ಲಾಸಿನಲ್ಲಿ ಕೊನೆಯ ಬೆಂಚಿನವರೆಗೆ ಮುಟ್ಟುತ್ತಿದ್ದ ದನಿ ಅವತ್ತು ಅವಳ ತುಟಿ ದಾಟಿ ಹೊರಗೆ ಬರುತ್ತಿರಲಿಲ್ಲ. ಹತ್ತಿರ ನಿಂತವರಿಗೆ ಕೇಳಿತು. ಅವರಲ್ಲಿ ಯಾರೂ ನಗಲಿಲ್ಲ. ಹೇಳಿ ಮುಗಿಸಿ ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು.

ಲಕ್ಕವ್ವ ಬಿಡಲಿಲ್ಲ. ಅವಳ ಕಣ್ಣಲ್ಲಿ ಈಗ ನೀರು ಬಂದಿತ್ತು.

"ಜೋರಾಗಿ ಹೇಳವಾ" ಅಂದಳು. "ನನ್ನ ಮಗಾ ಒಳಗ ಮಲಗ್ಯಾನ. ಅಂವಗ ಕೇಳಬೇಕು."

ಶೈಲಶ್ರೀ ಕಿಡಕಿಯ ಕಡೆಗೆ ತಿರುಗಿ, ದನಿ ಎತ್ತಿ, ಮೊದಲಿನಿಂದ ಹೇಳತೊಡಗಿದಳು.